ಎಪ್ಪತ್ತನಾಲ್ಕರ ಆಚೆ

ಜನವರಿ 9, ಮಂಗಳವಾರ

ವರ್ಷದ ಮೊದಲ ದೊಡ್ಡ ಕೆಲಸ ಹೆಗಲೇರಿತು. ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯ ಲೆಕ್ಕವನ್ನು ಮಾರ್ಚ್ ಕೊನೆಯೊಳಗೆ ಸಮಿತಿಯ ಮುಂದಿಡಬೇಕೆಂದು ನಿರ್ದೇಶಕರು ಬೆಳಿಗ್ಗೆ ಕರೆದು ಹೇಳಿದರು. ಕಾರ್ಯಕ್ರಮ ಶುರುವಾಗಿ ನಾಲ್ಕು ವರ್ಷ. ಐವತ್ತರಿಂದ ಎಪ್ಪತ್ತನಾಲ್ಕರ ತನಕದ ಎಲ್ಲರಿಗೂ ಎರಡು ವರ್ಷಕ್ಕೊಮ್ಮೆ ಟಪಾಲಿನಲ್ಲಿ ಒಂದು ಡಬ್ಬಿ ಹೋಗುತ್ತದೆ. ಅದರಲ್ಲೊಂದು ಕಡ್ಡಿ, ಒಂದು ಪುಟ್ಟ ಕೊಳವೆ. ಮಲದ ಚೂರನ್ನು ಕಡ್ಡಿಗೆ ತಾಗಿಸಿ ಕೊಳವೆಗೆ ಹಾಕಿ, ತಾರೀಖು ಬರೆದು ವಾಪಸ್ ಕಳಿಸಬೇಕು. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ನಮ್ಮ ಪ್ರಯೋಗಾಲಯ ಹಿಡಿಯುತ್ತದೆ. ರಕ್ತ ಸಿಕ್ಕವರಿಗೆ ಆಸ್ಪತ್ರೆಯಲ್ಲಿ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುತ್ತಾರೆ. ನೂರು ಡಬ್ಬಿ ಹೋದರೆ ನಲವತ್ತೊಂದು ತಿರುಗಿ ಬರುತ್ತವೆ. ಉಳಿದವು ಯಾರ ಯಾರ ಮನೆಯಲ್ಲಿ ಧೂಳು ತಿನ್ನುತ್ತಿವೆಯೋ.

ಈ ಸಲ ಸ್ವಲ್ಪ ಹೆಚ್ಚಿನ ಹಣ ಸಿಕ್ಕಿದೆ, ಒಂದೇ ಒಂದು ಬದಲಾವಣೆಗೆ ಸಾಲುವಷ್ಟು. ಅದನ್ನು ಎಲ್ಲಿ ಹಾಕಿದರೆ ಹೆಚ್ಚು ಉಪಯೋಗ ಎಂದು ಹೇಳುವುದು ನನ್ನ ಕೆಲಸ. ನಿರ್ದೇಶಕರು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದಾರೆ: ಐವತ್ತರ ಬದಲು ನಲವತ್ತೈದರಿಂದ ಶುರು ಮಾಡುವುದು. ಪತ್ರಿಕೆಯವರಿಗೆ ಹೇಳಲೂ ಚೆನ್ನಾಗಿರುತ್ತದೆ. ನನಗೂ ಅದೇ ಸರಿ ಎನ್ನಿಸುತ್ತದೆ.

ಪಕ್ಕದ ಮೇಜಿನ ದಶಾಂಶ ಅವರು ನನ್ನ ಜೊತೆ ಕೂರುತ್ತಾರೆ. ಮೂವತ್ತು ವರ್ಷದಿಂದ ಅಂಕಿಸಂಖ್ಯೆಯವರು, ಜೂನ್‌ನಲ್ಲಿ ನಿವೃತ್ತಿ. ಬಿಂದುವಿನ ಆಚೆ ಎರಡು ಅಂಕಿಯಿಲ್ಲದೆ ಮಾತಾಡುವುದಿಲ್ಲವಾದ್ದರಿಂದ ಆ ಹೆಸರು. ಅವರಿಗೂ ಗೊತ್ತು, ಬೇಜಾರಿಲ್ಲ.

ಜನವರಿ 14, ಭಾನುವಾರ

ಕಚೇರಿ ಹತ್ತಿರದ ಮನೆಯೊಂದನ್ನು ನೋಡಿ ಬಂದೆ. ಒಂದು ಕೋಣೆ, ಅಡುಗೆಮನೆಗೊಂದು ಕಿಟಕಿ. ಒಬ್ಬಳಿಗೆ ಧಾರಾಳ. ಏಪ್ರಿಲ್‌ಗೆ ಖಾಲಿಯಾಗುತ್ತದಂತೆ. ದಲ್ಲಾಳಿಗೆ ಇನ್ನೊಂದು ತಿಂಗಳಲ್ಲಿ ಹೇಳುತ್ತೇನೆ ಎಂದೆ.

ಅತ್ತೆಯವರಿಗೆ ಇನ್ನೂ ತಿಳಿಸಿಲ್ಲ. ನಾದಿನಿಯ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ, ಬೇಸಿಗೆಯಲ್ಲಿ ಅಮ್ಮನನ್ನು ತಾನು ಕರೆದುಕೊಂಡು ಹೋಗುತ್ತಾಳಂತೆ. ಅವರಿಗೂ ಮಗಳ ಮನೆಯೇ ಸರಿ. ನಾವಿಬ್ಬರು ಒಂದೇ ಸೂರಿನಡಿ ಇರುವುದಕ್ಕೆ ಕಾರಣವಾಗಿದ್ದ ಮನುಷ್ಯ, ನನ್ನ ಗಂಡ, ಹೋಗಿ ಮೂರು ವರ್ಷ. ಜಗಳವೇನೂ ಇಲ್ಲ. ಬೆಳಿಗ್ಗೆ 'ಬಾಗಿಲು ಹಾಕ್ಕೊಳ್ಳಿ' ಎನ್ನುತ್ತೇನೆ, ಸಂಜೆ 'ಬಂದೆ' ಎನ್ನುತ್ತೇನೆ. ಅವರು ತಮ್ಮ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ. ಅಂಗಡಿ ಮುಚ್ಚಿ ಐದು ವರ್ಷವಾದರೂ ಬೀದಿಯವರ ಪ್ಯಾಂಟು ಗಿಡ್ಡ ಮಾಡುವುದು, ಶಾಲೆ ಮಕ್ಕಳ ಅಂಗಿಯ ತೋಳು ಬಿಚ್ಚಿ ಉದ್ದ ಮಾಡುವುದು ನಿಂತಿಲ್ಲ. ಭಾನುವಾರವೂ ಆ ಟಕಟಕ ತಪ್ಪಿದ್ದಲ್ಲ. ಇವತ್ತು ಮಾತ್ರ ಮಧ್ಯೆ ಮಧ್ಯೆ ನಿಂತು ಹೋಗುತ್ತಿತ್ತು. ಮಲಗಿದ್ದರೇನೋ.

ಜನವರಿ 31, ಬುಧವಾರ

ಮೂರು ವಾರದಿಂದ ಕಂಪ್ಯೂಟರಿನೊಳಗೆ ಒಂದು ಲಕ್ಷ ಜನರ ಊರು ಕಟ್ಟಿದ್ದೇನೆ. ಅವರು ಹುಟ್ಟುತ್ತಾರೆ, ಮುದುಕರಾಗುತ್ತಾರೆ, ಕೆಲವರ ಕರುಳಿನಲ್ಲಿ ಗಂಟು ಬೆಳೆಯುತ್ತದೆ. ಡಬ್ಬಿ ಕಳಿಸಿದರೆ ಎಷ್ಟು ಮಂದಿ ಉಳಿಯುತ್ತಾರೆ, ಎಷ್ಟು ಖರ್ಚು ಎಂದು ನೋಡುತ್ತೇನೆ. ಯಾರನ್ನಾದರೂ ಒಂದು ವರ್ಷ ಚೆನ್ನಾಗಿ ಬದುಕಿಸಲು ಇಲಾಖೆ ಕೊಡಲೊಪ್ಪುವ ಹಣವನ್ನು ನಾವು ನೂರು ಎಂದು ಹಿಡಿಯುತ್ತೇವೆ. ನೂರಕ್ಕಿಂತ ಕಡಿಮೆಯಾದರೆ ಸರಿ, ಮೇಲಾದರೆ ಇಲ್ಲ.

ನಲವತ್ತೈದರಿಂದ ಶುರು ಮಾಡಿದರೆ ಎಂಬತ್ತಮೂರು ಬಂತು. ನಿರ್ದೇಶಕರು ಖುಷಿ. ಇರಲಿ ಎಂದು ಮೇಲಿನ ತುದಿಯನ್ನೂ ನೋಡಿದೆ. ಎಪ್ಪತ್ತನಾಲ್ಕರ ಬದಲು ಎಂಬತ್ತಕ್ಕೆ ನಿಲ್ಲಿಸಿದರೆ ನೂರಾ ನಲವತ್ತು. ತಪಾಸಣೆಯ ಪೂರ್ತಿ ಫಲ ಕಾಣಲು ಹತ್ತು ವರ್ಷ ಹಿಡಿಯುತ್ತದೆ; ಆ ವಯಸ್ಸಿನಲ್ಲಿ ಅಷ್ಟರೊಳಗೆ ಬೇರೆ ಯಾವುದೋ ಕಾಯಿಲೆ ಬಂದಿರುತ್ತದೆ. ಅದರ ಮೇಲೆ ಕ್ಯಾಮೆರಾದಿಂದ ಕರುಳಿಗೆ ಗಾಯವಾಗುವ ಭಯ. ಅಲ್ಲಿಗೆ ಮುದುಕರ ವಿಷಯ ಮುಗಿಯಿತು.

ಊಟದ ಹೊತ್ತಿನಲ್ಲಿ ದಶಾಂಶ, 'ನೀವು ನಿಮ್ಮ ಡಬ್ಬಿ ಕಳಿಸಿದ್ದೀರಿ ತಾನೇ?' ಎಂದು ಕೇಳಿದರು. ಹೂಂ ಎಂದೆ. ಸುಳ್ಳು. ಐವತ್ತೆರಡು ತುಂಬಿದ ನವೆಂಬರ್‌ನಲ್ಲಿ ಬಂದದ್ದು ಬಚ್ಚಲುಮನೆಯ ಹಲಗೆ ಮೇಲೆ ಇದೆ. ಐವತ್ತರಲ್ಲಿ ಬಂದದ್ದನ್ನೂ ಮಾಡಲಿಲ್ಲ. ಹೆದರಿಕೆಯೇನಲ್ಲ. ನಾಳೆ ಮಾಡಿದರಾಯಿತು ಎಂದುಕೊಳ್ಳುವುದು, ಅಷ್ಟೇ.

ಫೆಬ್ರವರಿ 6, ಮಂಗಳವಾರ

ನನ್ನ ಹೆಸರಿಗೆ ಪತ್ರ ಬಂದಿದೆ. 'ನೀವು ಕಳಿಸಿದ ಮಾದರಿಯಲ್ಲಿ ರಕ್ತದ ಅಂಶ ಕಂಡುಬಂದಿದೆ. ಇದು ಕ್ಯಾನ್ಸರ್ ಎಂದು ಅರ್ಥವಲ್ಲ. ದಯವಿಟ್ಟು ಮುಂದಿನ ಪರೀಕ್ಷೆಗೆ ಬನ್ನಿ.' ಈ ಒಕ್ಕಣೆಯನ್ನು ಮೂರು ವರ್ಷದ ಹಿಂದೆ ಬರೆದ ಗುಂಪಿನಲ್ಲಿ ನಾನೂ ಇದ್ದೆ. ಅಂಗೈಯಲ್ಲಿ ಹಿಡಿದಾಗ ಬೇರೆಯೇ ಥರ ಓದಿಸಿಕೊಳ್ಳುತ್ತದೆ.

ಆದರೆ ನಾನು ಕಳಿಸಿಯೇ ಇಲ್ಲವಲ್ಲ.

ಯಾರದೋ ಮಾದರಿಗೆ ನನ್ನ ಚೀಟಿ ಅಂಟಿದೆ. ಹಾಗಾದರೆ ರಕ್ತ ಇರುವ ಆ ಇನ್ನೊಬ್ಬರಿಗೆ 'ಏನೂ ಇಲ್ಲ, ನಿಶ್ಚಿಂತೆಯಾಗಿರಿ' ಎಂದು ಪತ್ರ ಹೋಗಿರಬೇಕು. ಸಿಟ್ಟು ನೆತ್ತಿಗೇರಿತು. ನಾಳಿದ್ದು ಪ್ರಯೋಗಾಲಯಕ್ಕೆ ಹೋಗುತ್ತೇನೆ.

ಫೆಬ್ರವರಿ 8, ಗುರುವಾರ

ಪ್ರಯೋಗಾಲಯದ ಮುಖ್ಯಸ್ಥೆಯ ಜೊತೆ ಒಳ್ಳೆಯ ಮಾತಿನಲ್ಲಿ ಶುರು ಮಾಡಿ ಕೆಟ್ಟ ಮಾತಿನಲ್ಲಿ ಮುಗಿಸಿದೆ. ಆಕೆ ಸುಮ್ಮನೆ ಎದ್ದು ಹೋಗಿ, ಶೀತದ ಪೆಟ್ಟಿಗೆಯಿಂದ ಕೊಳವೆ ತಂದು ಮೇಜಿನ ಮೇಲಿಟ್ಟರು. ನನ್ನದೇ ಸಂಖ್ಯೆ. ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ತಾರೀಖು: 27. ಆ ಏಳರ ಕಾಲಿಗೆ ಅಡ್ಡಲಾಗಿ ಒಂದು ಗೆರೆ.

ಅಳತೆ ಬರೆಯುವಾಗ ಒಂದು ಯಾವುದು, ಏಳು ಯಾವುದು ಎಂದು ಗೊಂದಲವಾಗದಿರಲು ಏಳಕ್ಕೆ ಗೆರೆ ಎಳೆಯುವವರು ನನಗೆ ಗೊತ್ತಿರುವ ಹಾಗೆ ಒಬ್ಬರೇ. ಮುಖ್ಯಸ್ಥೆಯ ಕ್ಷಮೆ ಕೇಳಿದೆ. ಏನೆಂದು ಕೇಳಿದೆನೋ ಗೊತ್ತಿಲ್ಲ.

ಮನೆಗೆ ಬಂದಾಗ ಸಂಜೆ ಐದು. ಬಚ್ಚಲುಮನೆಯ ಹಲಗೆ ಖಾಲಿ. ಅತ್ತೆ ಯಂತ್ರದ ಮುಂದೆ ಕೂತಿದ್ದರು, ಹೊಲಿಯುತ್ತಿರಲಿಲ್ಲ. ನಾನು ಪತ್ರವನ್ನು ಬಟ್ಟೆಯ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

'ನಿನ್ನ ಹೆಸರಿಗೇ ಬರುತ್ತೆ ಅನ್ನೋದು ಹೊಳೀಲಿಲ್ಲ ನೋಡು,' ಎಂದರು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಡಬ್ಬಿ ಮೂರು ತಿಂಗಳು ಹಲಗೆ ಮೇಲೆ ಇತ್ತಂತೆ. ಹಲ್ಲುಜ್ಜುವಾಗೆಲ್ಲ ಅದರ ಮೇಲಿನ ಬರಹ ಓದಿ ಓದಿ ಬಾಯಿಪಾಠವಾಗಿತ್ತಂತೆ. ಐವತ್ತರಿಂದ ಎಪ್ಪತ್ತನಾಲ್ಕು ಅಂತಿತ್ತು, ತನಗೆ ಎಪ್ಪತ್ತೇಳು, ಕೇಳಿದರೆ ಕೊಡುವುದಿಲ್ಲ. ನೀನಂತೂ ಮುಟ್ಟುವ ಹಾಗೆ ಕಾಣಲಿಲ್ಲ, ಸುಮ್ಮನೆ ಯಾಕೆ ಹಾಳಾಗಬೇಕು ಎಂದು ತಾನೇ ಮಾಡಿ ಅಂಚೆ ಡಬ್ಬಕ್ಕೆ ಹಾಕಿ ಬಂದರಂತೆ. ಹಳೆ ಬಟ್ಟೆಯ ಚೂರನ್ನು ಯಾವುದಕ್ಕೋ ಉಪಯೋಗಿಸಿದ ಹಾಗೆ ಹೇಳಿದರು.

ಹೊಟ್ಟೆನೋವಿದೆಯೇ? ಇಲ್ಲ. ರಕ್ತ ಕಂಡಿದ್ದೀರಾ? ಇಲ್ಲ. ಮತ್ತೇಕೆ?

'ಮೆಟ್ಟಿಲು ಹತ್ತಿದ್ರೆ ಎದೆ ಡವಗುಟ್ಟುತ್ತೆ. ಒಂದು ಪ್ಯಾಂಟು ಮುಗಿಸೋಕೆ ಮೂರು ಸಲ ಮಲಗ್ತೀನಿ. ವಯಸ್ಸಾಯ್ತಲ್ಲ ಅಂದ್ಕೊಂಡೆ. ಹೇಳೋಕೆ ಏನಿದೆ ಇದರಲ್ಲಿ?'

ಬೇರೆಯವರ ಹೆಸರಲ್ಲಿ ಮಾದರಿ ಕಳಿಸುವುದು ತಪ್ಪು, ನಾನು ವರದಿ ಮಾಡಬೇಕಾಗುತ್ತದೆ ಎಂದೆ. ಜೈಲಿಗೆ ಹಾಕುತ್ತಾರೆಯೇ ಎಂದು ಕೇಳಿದರು. ಇಲ್ಲ, ಅರ್ಜಿ ತುಂಬಬೇಕು ಎಂದೆ. 'ಅದಕ್ಕಿಂತ ಜೈಲೇ ವಾಸಿ' ಎಂದರು. ನಗು ಬಂತು. ಬರಬಾರದಿತ್ತು.

ಫೆಬ್ರವರಿ 9, ಶುಕ್ರವಾರ

ರಜೆ ಹಾಕಿ ಬೀದಿ ಕೊನೆಯ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದವರೇ ರಕ್ತ ಪರೀಕ್ಷೆಗೆ ಬರೆದರು. ಸಂಜೆಯೇ ಫೋನ್ ಬಂತು. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲಿದೆ. ಎಲ್ಲಿಂದಲೋ ನಿಧಾನವಾಗಿ ಸೋರುತ್ತಿದೆ. ಇನ್ನು ಇದು ತಪಾಸಣೆಯಲ್ಲ, ಕಾಯಿಲೆ. ವಯಸ್ಸಿನ ಮಿತಿ ಲೆಕ್ಕಕ್ಕಿಲ್ಲ, ಬೇಗ ಕ್ಯಾಮೆರಾ ಹಾಕಿಸಿ ಎಂದರು.

ಒಂದೇ ಮನೆಯಲ್ಲಿದ್ದೂ ನಾನು ನೋಡಲಿಲ್ಲ. ಗೋಡೆ ಬಣ್ಣ ಮಾಸಿದ್ದು ದಿನಾ ಇರುವವರಿಗೆ ಕಾಣದ ಹಾಗೆ.

ಫೆಬ್ರವರಿ 18, ಭಾನುವಾರ

ನಾಳೆ ಕ್ಯಾಮೆರಾ. ಇವತ್ತಿಡೀ ಕರುಳು ತೊಳೆಯುವ ದಿನ. ಮೂರು ಲೀಟರ್ ಉಪ್ಪುಪ್ಪು ನೀರು, ಕಾಲು ಗಂಟೆಗೊಂದು ಲೋಟ. ಐದನೆಯ ಲೋಟಕ್ಕೆ ಅತ್ತೆ ನನ್ನ ಕಡೆ ನೋಡಿ, ಇದನ್ನು ಕಂಡುಹಿಡಿದವನಿಗೆ ಒಂದು ಅಂಗಿ ಹೊಲಿದು ಕೊಡಬೇಕು, ಕುತ್ತಿಗೆ ಎರಡು ಅಂಗುಲ ಬಿಗಿ ಮಾಡಿ ಎಂದರು. ಆಮೇಲೆ ಮಾತಾಡಲು ಪುರಸೊತ್ತಿರಲಿಲ್ಲ. ಬಚ್ಚಲಿಗೂ ಮಂಚಕ್ಕೂ ಓಡಾಟ. ಮಧ್ಯಾಹ್ನ ಕಾಲು ನಡುಗತೊಡಗಿದಾಗ ನಾನು ತೋಳು ಹಿಡಿದೆ. ಮದುವೆಯಾಗಿ ಇಪ್ಪತ್ತಾರು ವರ್ಷ. ಅವರನ್ನು ಮುಟ್ಟಿದ್ದು ನೆನಪಿಲ್ಲ. ಅವರ ಮಗ ಹೋದ ದಿನ ಆಸ್ಪತ್ರೆಯ ಬಾಗಿಲಲ್ಲಿಯೂ ನಾವು ಬೇರೆ ಬೇರೆ ಗೋಡೆಗೆ ಒರಗಿ ನಿಂತಿದ್ದೆವು.

ತೋಳಿನಲ್ಲಿ ಏನೂ ಇಲ್ಲ, ಬರಿ ಮೂಳೆ.

ಫೆಬ್ರವರಿ 19, ಸೋಮವಾರ

ಬಲಭಾಗದಲ್ಲಿ ಗಡ್ಡೆ. ನಿಂಬೆಹಣ್ಣಿನಷ್ಟು.

ಫೆಬ್ರವರಿ 22, ಗುರುವಾರ

ನಿನ್ನೆ ಒಂದು ಮಾತು ಹೊರಬಂತು. ಸ್ಕ್ಯಾನಿಗೆ ಕಾಯುತ್ತ ಉದ್ದನೆಯ ಬೆಂಚಿನಲ್ಲಿ ಕೂತಿದ್ದೆವು. ನಿಮಗೆ ಎಪ್ಪತ್ತನಾಲ್ಕು ಆಗುವುದರೊಳಗೆ ಒಮ್ಮೆಯಾದರೂ ಡಬ್ಬಿ ಬಂದಿರಬೇಕಲ್ಲ, ಯಾಕೆ ಮಾಡಲಿಲ್ಲ ಎಂದು ಕೇಳಿದೆ. ಪ್ರಶ್ನೆಯಲ್ಲಿ ಸ್ವಲ್ಪ ಕಚೇರಿಯ ಧಾಟಿ ಇತ್ತೇನೋ.

'ಬಂದಿತ್ತು,' ಎಂದರು. 'ಅವನು ಹೋದ ತಿಂಗಳು.'

ಅಷ್ಟೇ ಹೇಳಿದ್ದು. ಉಳಿದದ್ದು ನನಗೆ ಗೊತ್ತು. ನನ್ನವರು ಮೆಟ್ಟಿಲ ಮೇಲೆ ಕುಸಿದು ಹೋದ ಮೇಲಿನ ಆ ತಿಂಗಳು ಬಂದ ಟಪಾಲನ್ನು ಯಾರೂ ಒಡೆಯಲಿಲ್ಲ. ಬಾಗಿಲ ಹಿಂದೆ ರಾಶಿ ಬಿದ್ದಿತ್ತು. ಒಂದು ಬೆಳಿಗ್ಗೆ ನಾನೇ ಎಲ್ಲವನ್ನೂ ಚೀಲಕ್ಕೆ ತುಂಬಿ ಕಸದವರ ಗಾಡಿಗೆ ಹಾಕಿದೆ. ಸಾಂತ್ವನದ ಪತ್ರಗಳು, ಬಿಲ್ಲುಗಳು, ಒಂದು ಬಿಳಿ ಡಬ್ಬಿ. ಡಬ್ಬಿಯ ಮೇಲೆ ಇಲಾಖೆಯ ಮುದ್ರೆ ಇದ್ದದ್ದು ಕಣ್ಣಿಗೆ ಬಿದ್ದಿತ್ತು. ಬಿದ್ದೂ ಹಾಕಿದೆ.

ಇದನ್ನು ಅತ್ತೆಗೆ ಹೇಳಿದೆ. ಹೇಳದೇ ಇರಲಾಗಲಿಲ್ಲ. ಅವರು ಕೈಯಲ್ಲಿದ್ದ ಸ್ಕ್ಯಾನಿನ ಚೀಟಿಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದರು. ಆಮೇಲೆ, 'ನೀನು ಹಾಕದೆ ಇದ್ದಿದ್ರೆ ನಾನು ಹಾಕ್ತಿದ್ದೆ' ಎಂದರು. ಒಳಗಿನಿಂದ ಹೆಸರು ಕೂಗಿದರು, ಅತ್ತೆ ಎದ್ದು ಹೋದರು.

ಫೆಬ್ರವರಿ 26, ಸೋಮವಾರ

ಬೇರೆಲ್ಲೂ ಹರಡಿಲ್ಲ. ಆಪರೇಷನ್ ಮಾರ್ಚ್ ಆರಕ್ಕೆ.

ಈ ವಾರವಿಡೀ ತಲೆಯಲ್ಲಿ ಒಂದೇ ಪ್ರಶ್ನೆ. ಎಂಬತ್ತರ ತನಕ ಎಲ್ಲರಿಗೂ ಕಳಿಸಿದರೆ ನೂರಾ ನಲವತ್ತು, ಸರಿ. ಆದರೆ ಆ ಎಲ್ಲರಲ್ಲಿ ಹಿಂದೆ ಪರೀಕ್ಷೆ ಮಾಡಿಸಿಕೊಂಡವರು ಬಹಳ. ಅವರ ಗಂಟುಗಳನ್ನು ಆಗಲೇ ಹುಡುಕಿ ತೆಗೆದಾಗಿದೆ. ಮತ್ತೆ ಹುಡುಕುವುದರಲ್ಲಿ ಸಿಗುವುದು ಕಡಿಮೆ. ಒಂದು ಸಲವೂ ಮಾಡಿಸದೆ ಎಪ್ಪತ್ತನಾಲ್ಕು ದಾಟಿದವರನ್ನಷ್ಟೇ ಬೇರೆ ತೆಗೆದರೆ? ದಾಖಲೆ ವಿಭಾಗಕ್ಕೆ ಕೇಳಿದೆ. ಎಂಬತ್ತರೊಳಗಿನವರು ಹನ್ನೊಂದು ಸಾವಿರದ ನಾನೂರು ಜನ ಇದ್ದಾರೆ. ಕಾರ್ಯಕ್ರಮ ಶುರುವಾದಾಗಲೇ ಅವರಿಗೆ ವಯಸ್ಸಾಗಿತ್ತು. ಒಂದೋ ಎರಡೋ ಡಬ್ಬಿ ಬಂದವು, ಏನೋ ಕಾರಣಕ್ಕೆ ತಪ್ಪಿದವು, ಬಾಗಿಲು ಮುಚ್ಚಿತು.

ಆ ಹನ್ನೊಂದು ಸಾವಿರದ ನಾನೂರು ಜನಕ್ಕೆ, ಒಂದೇ ಒಂದು ಸಲ. ಅರವತ್ತನಾಲ್ಕು ಬಂತು.

ಮತ್ತೆ ಮಾಡಿದೆ. ಅರವತ್ತನಾಲ್ಕೇ.

ಫೆಬ್ರವರಿ 29, ಗುರುವಾರ

ದಶಾಂಶ ಅವರಿಗೆ ತೋರಿಸಿದೆ. ಹಾಳೆ ಹಾಳೆ ತಿರುವಿ ನೋಡಿ, ಕನ್ನಡಕ ತೆಗೆದಿಟ್ಟರು.

'ನಿಮ್ಮ ಮನೆ ವಿಷಯ ನಂಗೆ ಗೊತ್ತು. ಅದಕ್ಕೇ ಇದನ್ನ ನಾನು ಮೊದಲಿಂದ ಮಾಡ್ತೀನಿ. ನೀವು ನನ್ನ ಮೇಜಿನ ಹತ್ರ ಬರಬೇಡಿ.'

ಕೋಪ ಬಂತು. ಕಾರಿಡಾರಿಗೆ ಹೋಗಿ ನೀರು ಕುಡಿದು ಬಂದೆ. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಿರ್ದೇಶಕರಿಗೂ ಎಲ್ಲವನ್ನೂ ಹೇಳಿದೆ, ಡಬ್ಬಿಯ ಕಥೆ ಸಮೇತ. ಅವರು ಹಣೆ ಒತ್ತಿಕೊಂಡು, ನಾನು ಸಮಿತಿಯಲ್ಲಿ ಮಾತಾಡುವುದು ಬೇಡ, ದಶಾಂಶ ಮಾತಾಡಲಿ ಎಂದರು.

ಮಾರ್ಚ್ 6, ಬುಧವಾರ

ಬೆಳಿಗ್ಗೆ ಎಂಟಕ್ಕೆ ಒಳಗೆ ಒಯ್ದರು. ತಳ್ಳುಗಾಡಿಯ ಮೇಲೆ ಮಲಗಿದ್ದವರು ನನ್ನ ಕೋಟಿನ ಅಂಚು ಹಿಡಿದು ಎಳೆದರು. ಏನೋ ಹೇಳಬೇಕೆಂದಿದ್ದಾರೆ ಎಂದು ಬಗ್ಗಿದೆ. 'ಹೊಲಿಗೆ ಬಿಟ್ಟಿದೆ, ಯಾರ ಹತ್ರ ಹೊಲಿಸಿದ್ದು ಇದನ್ನ?' ಎಂದರು. ಬಾಗಿಲು ಮುಚ್ಚಿತು.

ಮೂರು ಗಂಟೆ ಹತ್ತು ನಿಮಿಷ. ಮಧ್ಯೆ ಮನೆಯ ದಲ್ಲಾಳಿ ಫೋನ್ ಮಾಡಿದ್ದ. ಬೇರೆ ಯಾರೋ ಮುಂಗಡ ಕೊಡುತ್ತಿದ್ದಾರೆ, ಏನು ಮಾಡಲಿ ಎಂದು. ಅವರಿಗೇ ಕೊಡಿ ಎಂದೆನೇನೋ, ಅಷ್ಟರಲ್ಲಿ ಡಾಕ್ಟರ್ ಹೊರಗೆ ಬಂದರು. ಗಡ್ಡೆ ಪೂರ್ತಿ ತೆಗೆದಿದ್ದಾರೆ.

ಮಾರ್ಚ್ 9, ಶನಿವಾರ

ಜ್ವರ. ಜೋಡಿಸಿದ ಕಡೆ ಸೋರಿರಬಹುದು ಎಂದು ಸಂಶಯ. ನಾದಿನಿ ಬಂದಿದ್ದಾಳೆ.

ಮಾರ್ಚ್ 10

ಜ್ವರ ಇಳಿದಿಲ್ಲ.

ನನ್ನ ಕಂಪ್ಯೂಟರಿನ ಊರಿನ ಲೆಕ್ಕದಲ್ಲಿ ಇದು ಒಂದು ಅಂಕಣ. ಎಪ್ಪತ್ತೈದರ ಮೇಲಿನವರಿಗೆ ಆಪರೇಷನ್ ನಂತರದ ಸಾವು: ನೂರಕ್ಕೆ ನಾಲ್ಕು. ಅದನ್ನು ಬರೆದ ದಿನ ಊಟಕ್ಕೆ ತಡವಾಗುತ್ತಿದೆ ಎಂದು ಬೇಗ ಬೇಗ ಬರೆದಿದ್ದೆ.

ಮಾರ್ಚ್ 13, ಬುಧವಾರ

ಜ್ವರ ಇಳಿದಿದೆ. ಸೋರಿರಲಿಲ್ಲ, ಶ್ವಾಸಕೋಶದಲ್ಲಿ ಸೋಂಕಾಗಿತ್ತು. ಎರಡು ಚಮಚ ಸೂಪು ಕುಡಿದರು. ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲ. ಬಲವಂತ ಮಾಡಿದೆ, ಬೈದರು. ದನಿ ಬಂದಿದೆ ಎಂದು ನರ್ಸಿಗೂ ಸಂತೋಷ.

ನಾದಿನಿ, ಬಿಡುಗಡೆ ಆದ ಮೇಲೆ ನೇರ ನಮ್ಮ ಮನೆಗೇ ಕರೆದುಕೊಂಡು ಹೋಗುತ್ತೇನೆ, ನೀನು ಹೇಳಿದ್ದೆಯಲ್ಲ ಎಂದಳು. ಅಷ್ಟು ದೂರ ಪ್ರಯಾಣ ಈಗ ಆಗದು, ಹೊಲಿಗೆ ಹಸಿ ಇದೆ, ಇಲ್ಲಿಯ ಡಾಕ್ಟರೇ ನೋಡಬೇಕು ಎಂದು ಹೇಳಿದೆ. ಬೇಸಿಗೆ ಕಳೆಯಲಿ. ಅವಳು ನನ್ನ ಮುಖ ನೋಡಿದಳು. ಅವಳಿಗೆ ಬೇಸರವಾಯಿತೇನೋ ಗೊತ್ತಾಗಲಿಲ್ಲ.

ಪ್ರಯೋಗಾಲಯದವರು ನನಗೆ ಹೊಸ ಡಬ್ಬಿ ಕಳಿಸಿದ್ದರು. ಕಳೆದ ವಾರ ಮಾಡಿ ಹಾಕಿದ್ದೆ. ಏನೂ ಇಲ್ಲ ಎಂದು ಬಂದಿದೆ.

ಮಾರ್ಚ್ 19, ಮಂಗಳವಾರ

ಮನೆಗೆ ಬಂದೆವು. ಮೆಟ್ಟಿಲಿಗೆ ಇಪ್ಪತ್ತು ನಿಮಿಷ. ಮೊದಲ ಅಂತಸ್ತಿನ ತಿರುವಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ನನ್ನವರು ಕುಸಿದದ್ದು ಅಲ್ಲೇ. ಮೂರು ವರ್ಷದಿಂದ ನಾನು ಆ ತಿರುವನ್ನು ನೋಡದೆ ದಾಟುತ್ತೇನೆ. ಅತ್ತೆ ಅಲ್ಲಿ ಕೂತು ಉಸಿರು ಸುಧಾರಿಸಿಕೊಳ್ಳುತ್ತ, ಮಗನಿಗೆ ಏಳು ವರ್ಷವಿದ್ದಾಗ ಅಂಗಡಿಯ ಗುಂಡಿಗಳನ್ನೆಲ್ಲ ಒಂದೇ ಡಬ್ಬಕ್ಕೆ ಸುರಿದು ಬಣ್ಣದ ಲೆಕ್ಕದಲ್ಲಿ ಮತ್ತೆ ಬೇರೆ ಮಾಡುತ್ತಿದ್ದನೆಂದು ಹೇಳಿದರು. ಬೇಕೆಂದೇ ಸುರಿಯುತ್ತಿದ್ದನಂತೆ, ಬೇರೆ ಮಾಡುವ ಖುಷಿಗೆ. ನನಗೆ ಇದು ಗೊತ್ತಿರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತು ಕೇಳಿದೆ. ಇನ್ನೂ ಏನೇನು ಮಾಡುತ್ತಿದ್ದರೆಂದು ಕೇಳಿದೆ.

ಮಾರ್ಚ್ 25, ಸೋಮವಾರ

ದಶಾಂಶ ಲೆಕ್ಕ ಮುಗಿಸಿದ್ದಾರೆ. ಎಪ್ಪತ್ತೊಂದು ಬಿಂದು ಎರಡು ಎಂಟು. ನಾನು ಕ್ಯಾಮೆರಾದ ಗಾಯಗಳನ್ನೂ ಆಪರೇಷನ್ ನಂತರದ ಆಸ್ಪತ್ರೆಯ ದಿನಗಳನ್ನೂ ಕಡಿಮೆ ಹಿಡಿದಿದ್ದೆನಂತೆ. ಬೇಕೆಂದು ಹಿಡಿದದ್ದಲ್ಲ, ಆದರೂ ಕಡಿಮೆಯೇ ಹಿಡಿದಿದ್ದೆ. ದೊಡ್ಡ ಕಾಯಿಲೆಗಳಿರುವವರನ್ನು ಬಿಟ್ಟು, ಎಂಬತ್ತಕ್ಕೇ ನಿಲ್ಲಿಸಿದರೆ ಮಾತ್ರ ಈ ಅಂಕಿ, ಅದರಾಚೆ ಒಂದು ದಿನವೂ ಇಲ್ಲ ಎಂದರು. ಆದರೂ ನಲವತ್ತೈದರ ಎಂಬತ್ತಮೂರಕ್ಕಿಂತ ಕಡಿಮೆ.

'ನಿಮ್ಮ ಲೆಕ್ಕ ಏಳು ಬಿಂದು ಎರಡು ಎಂಟು ತಪ್ಪಿತ್ತು. ನಿಮ್ಮ ಪ್ರಶ್ನೆ ಸರಿಯಿತ್ತು,' ಎಂದರು. ಮೂವತ್ತು ವರ್ಷದಲ್ಲಿ ಅವರು ಯಾರನ್ನಾದರೂ ಇಷ್ಟು ಹೊಗಳಿದ್ದು ಕೇಳಿಲ್ಲ.

ಮಾರ್ಚ್ 28, ಗುರುವಾರ

ಸಮಿತಿ. ನಾನು ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂತೆ. ದಶಾಂಶ ಒಂದೊಂದೇ ಅಂಕಿಯನ್ನು ಮೊಟ್ಟೆ ಇಟ್ಟ ಹಾಗೆ ಮೇಜಿನ ಮೇಲಿಟ್ಟರು. ಹಣ ಒಂದಕ್ಕೇ ಇದೆ. ನಲವತ್ತೈದರಿಂದ ಶುರು ಮಾಡಿದರೆ ಐದು ವರ್ಷದಲ್ಲಿ ಹತ್ತೊಂಬತ್ತು ಜೀವ. ತಪ್ಪಿಹೋದ ಮುದುಕರಿಗೆ ಒಂದು ಸಲ ಕಳಿಸಿದರೆ ಮೂವತ್ತೊಂದು. ಸಣ್ಣವರಿಗೆ ಮುಂದೆ ಬದುಕುವ ವರ್ಷಗಳು ಹೆಚ್ಚು, ಅದನ್ನು ಸೇರಿಸಿಯೇ ಆ ಎಂಬತ್ತಮೂರು, ಈ ಎಪ್ಪತ್ತೊಂದು ಎಂದು ವಿವರಿಸಿದರು.

ಸಮಿತಿಯಲ್ಲಿರುವ ಒಬ್ಬ ಶಸ್ತ್ರವೈದ್ಯರು, 'ನಲವತ್ತೇಳರವರೂ ನನ್ನ ಮೇಜಿಗೆ ಬರ್ತಾರೆ. ಅವರ ಮಕ್ಕಳು ಹೊರಗೆ ಶಾಲೆ ಚೀಲ ಹಿಡ್ಕೊಂಡು ಕೂತಿರ್ತಾರೆ' ಎಂದರು.  

ಪರ ಐದು ಮತ, ವಿರುದ್ಧ ನಾಲ್ಕು. ಮುದುಕರಿಗೆ ಹೋಗುತ್ತದೆ. ನಲವತ್ತೈದರ ಮಾತು ಮುಂದಿನ ವರ್ಷಕ್ಕೆ.

ಗೆದ್ದ ಹಾಗೆ ಅನ್ನಿಸಲಿಲ್ಲ. ಬಸ್ಸಿನಲ್ಲಿ ಎದುರಿಗೆ ನಿಂತಿದ್ದ ಹೆಂಗಸಿಗೆ ಸುಮಾರು ನಲವತ್ತೇಳು ಇರಬಹುದು. ಇಳಿಯುವ ತನಕ ಅವಳ ಕಡೆ ನೋಡಲಾಗಲಿಲ್ಲ.

ಮಾರ್ಚ್ 29, ಶುಕ್ರವಾರ

ಅತ್ತೆಗೆ ಹೇಳಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ.

'ಹಾಗಾದ್ರೆ ನನ್ನಂಥವರಿಗೆ ಕೊಡೋಕೆ ಸಣ್ಣವರದ್ದು ಕತ್ತರಿಸಿದ್ರಾ?'

ಕತ್ತರಿಸಿಲ್ಲ, ಹೊಸದಾಗಿ ಕೊಡಲಿಲ್ಲ ಅಷ್ಟೇ ಎಂದೆ. ಅದು ಮಾತಿನ ಚಮತ್ಕಾರ ಎಂದು ನನಗೇ ತಿಳಿಯಿತು. ಹತ್ತೊಂಬತ್ತು, ಮೂವತ್ತೊಂದು ಎಲ್ಲ ಹೇಳಿದೆ. ಅವರು ಮಡಿಲಲ್ಲಿದ್ದ ಬಟ್ಟೆಯನ್ನು ಬೆರಳಿಂದ ಸರಿಪಡಿಸುತ್ತ ಕೇಳಿದರು. ಆಮೇಲೆ, ನೂರು ಕಳಿಸಿದರೆ ಎಷ್ಟು ವಾಪಸ್ ಬರುತ್ತವೆ ಎಂದು ಹಿಡಿದಿದ್ದೀಯ ಎಂದು ಕೇಳಿದರು. ಈ ವಯಸ್ಸಿನಲ್ಲಿ ಮೂವತ್ತು ಎಂದೆ.

'ಉಳಿದ ಎಪ್ಪತ್ತು?'

ಅದನ್ನು ಹಾಗೇ ಬಿಟ್ಟಿದ್ದೇವೆ ಎಂದೆ.

'ಸಣ್ಣವರಿಂದ ಕಿತ್ತುಕೊಂಡು ತಂದಿದ್ದು, ಇಲ್ಲಿ ಕಸಕ್ಕೆ ಹೋಗಬಾರದು,' ಎಂದರು. ರೇಗಿದ ದನಿ. ಆಮೇಲೆ ಸುಸ್ತಾಗಿ ಗೋಡೆ ಕಡೆ ತಿರುಗಿ ಮಲಗಿದರು.

ಏಪ್ರಿಲ್ 21, ಭಾನುವಾರ

ಮಧ್ಯಾಹ್ನ ಯಂತ್ರದ ಸದ್ದು. ಹತ್ತು ನಿಮಿಷ, ನಿಲ್ಲದೆ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು ನಿಲ್ಲಿಸಿ ಕೇಳಿಸಿಕೊಂಡೆ.

ಮೇ 12, ಭಾನುವಾರ

ಮೂರು ವಾರ ಬರೆದಿಲ್ಲ. ಡಬ್ಬಿಯ ಜೊತೆ ಹೋಗುವ ಪತ್ರದ ಒಕ್ಕಣೆಯ ಕೆಲಸ. ನಾನು ಬರೆದುಕೊಟ್ಟ ಕರಡನ್ನು ಅತ್ತೆ ಓದಿ, 'ಇದು ಯಾರು ಯಾರಿಗೆ ಬರೆದದ್ದು?' ಎಂದರು. 'ತಾವು ಅರ್ಹರಾಗಿರುತ್ತೀರಿ' ಎಂಬಲ್ಲಿ ಸೀಮೆಸುಣ್ಣದಿಂದ ಬಟ್ಟೆಗೆ ಹಾಕುವ ಹಾಗೆ ಅಡ್ಡಗೆರೆ. ಈಗ ಪತ್ರ ಹೀಗೆ ಶುರುವಾಗುತ್ತದೆ: 'ಈ ಹಿಂದೆ ನಿಮಗೊಂದು ಡಬ್ಬಿ ಬಂದಿರಬಹುದು. ಏನೋ ಕಾರಣಕ್ಕೆ ತಪ್ಪಿರಬಹುದು. ಇದು ಇನ್ನೊಂದು.' ನಿರ್ದೇಶಕರು ಒಂದು ಅಕ್ಷರ ತಿದ್ದದೆ ಸಹಿ ಹಾಕಿದರು.

ನಾದಿನಿ ಫೋನ್ ಮಾಡಿದ್ದಳು, ಅಮ್ಮನನ್ನು ಯಾವಾಗ ಕಳಿಸುತ್ತೀಯ ಎಂದು. ಮಳೆಗಾಲ ಮುಗಿಯಲಿ ಎಂದೆ.

ಜೂನ್ 15, ಶನಿವಾರ

ಸೋಮವಾರ ಡಬ್ಬಿಗಳು ಹೋಗಿವೆ. ಅದೇ ದಿನ ದಶಾಂಶ ಅವರ ಬೀಳ್ಕೊಡುಗೆ. ಮಾತಾಡಲು ಎದ್ದವರು ಎರಡು ಬಿಂದು ಐದು ಸೊನ್ನೆ ನಿಮಿಷ ಮಾತಾಡಿ ಕೂತರು.

ಇವತ್ತು ಬೆಳಿಗ್ಗೆ ಅತ್ತೆ ಮಂಚದ ಕೆಳಗಿಂದ ಒಂದು ಟ್ರಂಕು ಎಳೆಸಿದರು. ಒಳಗೆ ಉದ್ದನೆಯ ಪುಸ್ತಕಗಳು. ನಲವತ್ತು ವರ್ಷದ ಗಿರಾಕಿಗಳ ಅಳತೆ: ಎದೆ, ಸೊಂಟ, ತೋಳು, ಕೆಳಗೆ ಫೋನ್ ನಂಬರ್. ಬಟ್ಟೆ ಸಿದ್ಧವಾದಾಗ ತಿಳಿಸಲು ಬರೆದಿಟ್ಟದ್ದು. ತಮ್ಮ ವಯಸ್ಸಿನ ಹೆಂಗಸರ ಪುಟಗಳಿಗೆಲ್ಲ ಆಗಲೇ ದಾರ ಸಿಕ್ಕಿಸಿಟ್ಟಿದ್ದರು.

ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ಮೊದಲನೆಯವರು ಶಾಲೆಯ ಟೀಚರಾಗಿದ್ದವರಂತೆ. ಡಬ್ಬಿ ಬಂದಿದೆ, ಗಲೀಜು ಕೆಲಸ, ಯಾರು ಮಾಡುತ್ತಾರೆ ಎಂದರು. ಅತ್ತೆ ನಾಚದೆ ಎಲ್ಲವನ್ನೂ ಬಿಡಿಸಿ ಹೇಳಿದರು: ಹಳೆ ಪತ್ರಿಕೆ ಎಲ್ಲಿ ಹಾಸಬೇಕು, ಕಡ್ಡಿ ಹೇಗೆ ಹಿಡಿಯಬೇಕು, ಎಷ್ಟು ಸಾಕು. 'ಎಷ್ಟು ಮಕ್ಕಳದು ತೊಳೆದಿಲ್ಲ ನೀವು? ಸ್ವಂತದ್ದಕ್ಕೆ ಏನು ಬಿಂಕ?' ಎಂದರು. ಆ ಕಡೆಯಿಂದ ನಗು ಇಲ್ಲಿಯ ತನಕ ಕೇಳಿಸಿತು. ಆಮೇಲೆ ದನಿ ತಗ್ಗಿಸಿ, ತಮ್ಮ ಹೊಟ್ಟೆಯ ಮೇಲಿನ ಗೆರೆ ಎಷ್ಟುದ್ದ ಇದೆಯೆಂದು ಅಂಗುಲದ ಲೆಕ್ಕದಲ್ಲಿ ಹೇಳಿದರು. ಸೋಮವಾರ ಕಳಿಸುತ್ತೇನೆ ಎಂದು ಮಾತು ಕೊಟ್ಟರಂತೆ.

ಎರಡನೆಯವರಿಗೆ ಕಿವಿ ಕೇಳುವುದಿಲ್ಲ, ಮೊಮ್ಮಗಳಿಗೆ ಹೇಳಿದರು. ಮೂರನೆಯ ನಂಬರಿನಲ್ಲಿ ಮಗಳು ಎತ್ತಿ, ಅಮ್ಮ ಹೋಗಿ ಎರಡು ವರ್ಷವಾಯಿತು ಎಂದಳು. ಏನಾಗಿತ್ತು ಎಂದು ಅತ್ತೆ ಕೇಳಿದರು. ಉತ್ತರವನ್ನು ಕೊನೆಯ ತನಕ ಕೇಳಿಸಿಕೊಂಡರು. ಫೋನ್ ಇಟ್ಟು, ಆ ಅಳತೆಯ ಮೇಲೆ ಬೆರಳಾಡಿಸಿದರು. 'ತೋಳು ಸ್ವಲ್ಪ ಉದ್ದ ಅವಳದ್ದು. ಯಾವಾಗ್ಲೂ ಒಂದೂವರೆ ಅಂಗುಲ ಜಾಸ್ತಿ ಬಿಡ್ತಿದ್ದೆ.'

ಪುಟ ತಿರುವಿದರು. ಅಂಕಿಗಳು ಕಣ್ಣಿಗೆ ಹತ್ತುತ್ತಿಲ್ಲ, ಎರಡು ಸಲ ಫೋನ್ ತಪ್ಪು ಮನೆಗೆ ಹೋಯಿತು. ನನಗೆ ಹತ್ತಕ್ಕೆ ಮಾರುಕಟ್ಟೆಗೆ ಹೋಗಬೇಕಿತ್ತು. ಚೀಲ ಕೈಯಲ್ಲಿತ್ತು.

'ಇಲ್ಲಿ ಬಾ, ಕೂತ್ಕೋ,' ಎಂದರು. 'ನಂಬರ್ ನೀನು ಒತ್ತು. ಮಾತು ನಾನಾಡ್ತೀನಿ.'

ಪುಸ್ತಕವನ್ನು ನನ್ನ ಕಡೆ ಸರಿಸಿದರು. ನಾನು ಒತ್ತಿದೆ.